ಕಾಲಿಗೆ ಬರೆದವರು ಮಾತಿಗೂ ಬರೆಯಲಿ

ಅಪ್ಪನಿಗೆ ಲಕ್ವ ಹೊಡೆದು ಹನ್ನೊಂದನೇ ದಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಮಾತ್ರೆ ಇತ್ತು, ಬಲಗೈ ಬಲಗಾಲಿಗೆ ಫಿಸಿಯೋಥೆರಪಿ ಅಂತಲೂ ಇತ್ತು. ಮಾತಿನ ಬಗ್ಗೆ ಒಂದಕ್ಷರ ಇರಲಿಲ್ಲ. ಕೇಳಿದ್ದಕ್ಕೆ, ‘ತಾನಾಗೇ ಬರುತ್ತೆ ಬಿಡಿ’ ಅಂದರು. ನಾವು ನಂಬಿ ಐದು ತಿಂಗಳು ಕಾದೆವು.

ಅಪ್ಪ ಅರಸೀಕೆರೆಯಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಈಗ ನೀರು ಬೇಕಾದರೆ ‘ಸೋಪು’ ಅನ್ನುತ್ತಿದ್ದರು. ತಪ್ಪಿದ್ದು ತಮಗೇ ಗೊತ್ತಾಗಿ ಹಣೆ ಬಡಿದುಕೊಳ್ಳುತ್ತಿದ್ದರು. ನೋಡಲು ಬಂದ ನೆಂಟರು ಕಿವಿ ಕೇಳದವರ ಹತ್ತಿರ ಕೂಗುವಂತೆ ಕೂಗಿದರು. ‘ಬುದ್ಧಿನೂ ಸ್ವಲ್ಪ ಹೋಗಿದೆ’ ಅಂತ ಅವರೆದುರೇ ಅಂದವರಿದ್ದಾರೆ. ಅಪ್ಪ ಮುಖ ತಿರುಗಿಸಿಕೊಂಡರು. ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಮಿದುಳಿನ ಎಡಭಾಗದಲ್ಲಿ ಮಾತು ಜೋಡಿಸಿಕೊಡುವ ಜಾಗಕ್ಕೆ ಪೆಟ್ಟಾಗಿತ್ತು. ಅದಕ್ಕೆ ಅಫೇಸಿಯಾ ಅನ್ನುತ್ತಾರೆಂದು ಮೊದಲು ಕೇಳಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ.

ಅಲ್ಲಿ ಥೆರಪಿ ಕೊಡುವ ಹುಡುಗಿ ಮೊದಲು ಕೇಳಿದ್ದು ಮಗ್ಗಿ. ‘ತಾತ, ಎರಡೊಂದ್ಲ ಎರಡು...’ ಅಂತ ಎತ್ತಿಕೊಟ್ಟಳು. ಅಪ್ಪ ಇಪ್ಪತ್ತರವರೆಗೂ ತಡವರಿಸದೆ ಹೇಳಿಬಿಟ್ಟರು! ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಯಿಪಾಠವಾದದ್ದು, ಹಾಡಿನ ಧಾಟಿಯಲ್ಲಿ ಕಲಿತದ್ದು ಹೀಗೆ ಉಳಿದುಕೊಳ್ಳುವುದುಂಟಂತೆ. ಮುಂದಿನ ಸಲ ಅಂಗಡಿ ಸಾಮಾನನ್ನೇ ತರಹೇಳಿದಳು. ಅಪ್ಪನ ಎಡಗೈಗೆ ಬೆಲ್ಲದಚ್ಚು ಕೊಟ್ಟು ‘ಬೆ...’ ಅಂದು ಸುಮ್ಮನೆ ಕೂತಳು. ನಾನು ಬಾಯಿ ಹಾಕಲು ಹೋದರೆ ಕೈ ಎತ್ತಿ ತಡೆದಳು. ಅಪ್ಪ ಅಚ್ಚನ್ನು ತಿರುಗಿಸಿದರು, ಮೂಸಿದರು. ಅರ್ಧ ನಿಮಿಷವೇ ಆಗಿರಬೇಕು. ‘ಬೆಲ್ಲ.’ ಆ ಅರ್ಧ ನಿಮಿಷವನ್ನು ಐದು ತಿಂಗಳಲ್ಲಿ ನಾವು ಒಮ್ಮೆಯೂ ಅವರಿಗೆ ಕೊಟ್ಟಿರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯದ್ದೂ ಒಂದು. ಅಫೇಸಿಯಾ ಅದರಲ್ಲೇ ಬರುತ್ತದೆ. ಕಾಯ್ದೆಯಲ್ಲಿರುವುದು ಡಿಸ್ಚಾರ್ಜ್ ಚೀಟಿಯಲ್ಲಿ ಯಾಕಿಲ್ಲ? ಮಾತು ಹೆಚ್ಚು ಚುರುಕಾಗಿ ಮರಳುವುದು ಮೊದಲ ಕೆಲವು ತಿಂಗಳಲ್ಲೇ. ಲಕ್ವ ಹೊಡೆದವರ ಚೀಟಿಯಲ್ಲಿ ‘ಸ್ಪೀಚ್ ಥೆರಪಿ’ ಅಂತ ಒಂದು ಸಾಲು, ಎಲ್ಲಿಗೆ ಹೋಗಬೇಕೆಂಬ ವಿಳಾಸ ಕಡ್ಡಾಯವಾಗಲಿ. ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನವಾದರೂ ಥೆರಪಿಸ್ಟ್ ಬರಲಿ.

ನಾನು ರಜೆ ಹಾಕಿ ಮೈಸೂರಿನ ರೈಲು ಹತ್ತಬಲ್ಲೆ. ನಮ್ಮ ಹಿಂದಿನ ಬೀದಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಅಣ್ಣನೊಬ್ಬರಿದ್ದಾರೆ. ಎರಡು ವರ್ಷದಿಂದ ಜಗಲಿ ಮೇಲೆ ಕೂತಿದ್ದಾರೆ, ಮಾತಿಲ್ಲ. ಅವರ ಹೆಂಡತಿಗೂ ‘ತಾನಾಗೇ ಬರುತ್ತೆ’ ಅಂದಿದ್ದರಂತೆ.