ಯಂತ್ರ ಸರಿಯಿದೆ, ತಂತಿ ಕೈಕೊಟ್ಟಿದೆ

“ನೆಟ್‌ವರ್ಕ್ ಇಲ್ಲ, ಸಂಜೆ ಬನ್ನಿ.” ರಕ್ತಪರೀಕ್ಷೆಯ ವರದಿಗಾಗಿ ಪ್ರಯೋಗಾಲಯದ ಕಿಟಕಿಯ ಮುಂದೆ ನಿಂತವರಿಗೆ ಈ ಮಾತು ಹೊಸದಲ್ಲ. ಗೊಣಗುತ್ತ ಮನೆಗೆ ಮರಳುತ್ತೇವೆ. ಆದರೆ ಕಾಯುವುದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಬೇಗ ವರದಿ ಕೊಡುವ ಆತುರದಲ್ಲಿ, ಯಂತ್ರದ ಪರದೆಯ ಮೇಲಿನ ಅಂಕಿಗಳನ್ನು ಯಾರೋ ಚೀಟಿಯಲ್ಲಿ ಗೀಚಿಕೊಂಡು ಮತ್ತೆ ಟೈಪು ಮಾಡುವುದೇ ಆ ಅಪಾಯ.

ಇಂದು ಅನೇಕ ಲ್ಯಾಬುಗಳಲ್ಲಿ ರಕ್ತ ಪರೀಕ್ಷಿಸುವ ಯಂತ್ರವೇ ತನ್ನ ಫಲಿತಾಂಶವನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಕಳುಹಿಸುತ್ತದೆ. ಅಲ್ಲಿ ಅದು ರೋಗಿಯ ಹೆಸರಿನ ಮುಂದೆ ದಾಖಲಾಗುತ್ತದೆ. ನಡುವೆ ಮನುಷ್ಯರ ಕೈ ಇಲ್ಲದಿರುವುದೇ ಇದರ ಲಾಭ. ಸಂಪರ್ಕ ಕಡಿದೊಡನೆ ಆ ಲಾಭ ಹೋಗುತ್ತದೆ.

ಮೂತ್ರಪಿಂಡದ ಕಾಯಿಲೆ ಇರುವವರೊಬ್ಬರ ಪೊಟ್ಯಾಸಿಯಂ 6.3 ಬಂದಿದೆ ಎನ್ನಿ. ಸಾಮಾನ್ಯ ಮಟ್ಟ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. 6.3 ಎಂದರೆ ಹೃದಯದ ಬಡಿತ ತಪ್ಪುವ ಭಯವಿದ್ದು, ವೈದ್ಯರು ತಕ್ಷಣ ಗಮನಿಸಬೇಕಾದ ಸ್ಥಿತಿ. ನಕಲು ಮಾಡುವಾಗ ಅಂಕಿಗಳು ಅದಲುಬದಲಾಗಿ 3.6 ಆದರೆ ವರದಿ ‘ಎಲ್ಲ ಸರಿ’ ಎನ್ನುತ್ತದೆ. ಮನೆಯವರು ನಿಶ್ಚಿಂತೆಯಿಂದ ಎಳನೀರು ಕೊಡುತ್ತಾರೆ. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಧಾರಾಳವಾಗಿದೆ!

ವಿಷಾದದ ಸಂಗತಿಯೆಂದರೆ, ಸಂಪರ್ಕದ ದೋಷ ಎಷ್ಟೋ ಸಲ ಬಹಳ ಚಿಕ್ಕದು. ವೈದ್ಯರು ರೋಗಿಯನ್ನು ನೋಡುವಂತೆ ಕ್ರಮವಾಗಿ ನೋಡಬೇಕು, ಅಷ್ಟೇ. ಮೊದಲು ತಂತಿ. ಅದು ಸಿಕ್ಕಿಸಿರುವ ಕಡೆ ಪುಟ್ಟ ದೀಪ ಉರಿಯುತ್ತಿದೆಯೇ? ನೆಲ ಒರೆಸುವಾಗ ಸಡಿಲವಾದ ತಂತಿಯನ್ನು ಒತ್ತಿ ಕೂರಿಸಿದರೆ ಕೆಲಸ ಮುಗಿಯಬಹುದು. ಎರಡನೆಯದು ವಿಳಾಸ. ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಐಪಿ ಎಂಬ ಸಂಖ್ಯೆ ಇರುತ್ತದೆ. ಹೊಸದಾಗಿ ತಂದ ಪ್ರಿಂಟರಿಗೂ ಅದೇ ಸಂಖ್ಯೆ ಬಿದ್ದರೆ, ಒಂದೇ ನಂಬರಿನ ಎರಡು ಮನೆಗಳಂತೆ, ಅಂಚೆ ದಾರಿ ತಪ್ಪುತ್ತದೆ. ಮೂರನೆಯದು ತಂತ್ರಾಂಶ. ಕಂಪ್ಯೂಟರಿನಿಂದ ‘ಪಿಂಗ್’ ಮಾಡಿದಾಗ ಯಂತ್ರ ಓಗೊಟ್ಟರೂ ಫಲಿತಾಂಶ ಬರದಿದ್ದರೆ ದೋಷ ತಂತಿಯದಲ್ಲ. ಕರೆಂಟು ಹೋಗಿ ಬಂದ ಮೇಲೆ ಫಲಿತಾಂಶ ಸ್ವೀಕರಿಸುವ ತಂತ್ರಾಂಶ ಮತ್ತೆ ಶುರುವಾಗದೆ ಉಳಿದಿರಬಹುದು, ಇಲ್ಲವೇ ಫೈರ್‌ವಾಲ್ ಅಡ್ಡ ಬಂದಿರಬಹುದು. ಹಳೆಯ ಯಂತ್ರಗಳ ಸೀರಿಯಲ್ ತಂತಿಯಲ್ಲಾದರೆ ಎರಡೂ ತುದಿಗಳ ವೇಗ, ಉದಾಹರಣೆಗೆ 9600, ಒಂದೇ ಇರಬೇಕು. ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ.

ಇನ್ನೊಂದು ಸಮಾಧಾನವಿದೆ. ಮುಗಿದ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಯಂತ್ರದ ಸ್ಮರಣೆಯಲ್ಲೇ ಉಳಿದಿರುತ್ತದೆ. ಸಂಪರ್ಕ ಬಂದ ಮೇಲೆ ಅದನ್ನು ಮತ್ತೆ ಕಳುಹಿಸಬಹುದು. ಇದೊಂದೇ ಕಾರಣಕ್ಕೆ ರೋಗಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಗಿಲ್ಲ.

ಆದ್ದರಿಂದ ಪ್ರತಿ ಲ್ಯಾಬಿನಲ್ಲೂ ಈ ಕ್ರಮವನ್ನು ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಬೇಕು. ಕೈಬರಹದ ವರದಿ ತುರ್ತಿಗೆ ಮಾತ್ರ ಇರಲಿ. ಆಗಲೂ ಒಬ್ಬರು ಬರೆದುದನ್ನು ಇನ್ನೊಬ್ಬರು ಪರದೆಯೊಡನೆ ತಾಳೆ ನೋಡಿ ಸಹಿ ಹಾಕಬೇಕು. ಸಿಬ್ಬಂದಿ ಸಾಲದು ಎನ್ನುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ತಾಳೆ ನೋಡಲು ಬೇಕಾದುದು ಒಂದೆರಡು ನಿಮಿಷ. ತಪ್ಪಿದರೆ ಹೋಗುವುದು ಒಂದು ಜೀವ.

ಮನೆಯವರೂ ಸುಮ್ಮನಿರಬಾರದು. ವರದಿಯಲ್ಲಿ ಹೆಸರು, ವಯಸ್ಸು, ದಿನಾಂಕ ಸರಿಯಿದೆಯೇ ನೋಡಿ. ಹಳೆಯ ವರದಿಗಳನ್ನು ಜೋಪಾನವಾಗಿಟ್ಟು ಹೋಲಿಸಿ. ಅಂಕಿಗಳು ಏಕಾಏಕಿ ಏರಿಳಿದಿದ್ದರೆ, ಇಲ್ಲವೇ ವರದಿಗೂ ರೋಗಿಯ ಸ್ಥಿತಿಗೂ ಹೊಂದಿಕೆಯಾಗದಿದ್ದರೆ, ವೈದ್ಯರಿಗೆ ತಕ್ಷಣ ತಿಳಿಸಿ. ನೀವಾಗಿಯೇ ಔಷಧಿ ಬದಲಿಸಬೇಡಿ. ಕೈಬರಹದ ವರದಿ ಬಂದರೆ “ಇದನ್ನು ತಾಳೆ ನೋಡಿದವರು ಯಾರು?” ಎಂದು ವಿನಯದಿಂದಲೇ ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.