ಕೇಪಿನ ಕೋವಿ, ಜಿಂಕೆಯ ಮಾಂಸ ಮತ್ತು ಹಲಾಲಿನ ನೆಪ

ಬೇಟೆಯನ್ನು ಇಸ್ಲಾಮ್ ಸಾರಾಸಗಟಾಗಿ ನಿಷೇಧಿಸಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಏಕೆಂದರೆ ನಾವು ಯಾರನ್ನು ಉದ್ದೇಶಿಸಿ ಬರೆಯುತ್ತಿದ್ದೇವೆಯೋ ಅವರ ಬಾಯಿಂದ ಬರುವ ಮೊದಲ ಉತ್ತರವೇ ಇದು. ಅರಸೀಕೆರೆಯ ಕುರುಚಲು ಗುಡ್ಡಗಳಿಂದ ಹಳೇಬೀಡಿನ ಕೆರೆಯಂಚಿನ ಹೊಲಗಳವರೆಗೆ, ಅಲ್ಲಿಂದ ಬೇಲೂರಿನ ಪಶ್ಚಿಮಕ್ಕೆ ಬಿಕ್ಕೋಡು, ಅರೇಹಳ್ಳಿಯ ಕಾಫಿ ತೋಟಗಳವರೆಗೆ ಬೆಳೆ ರಕ್ಷಣೆಯ ಹೆಸರಿನಲ್ಲಿ ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳು ಇಂದಿಗೂ ಇವೆ. ಅವು ಎಲ್ಲ ಸಮುದಾಯದವರ ಮನೆಗಳಲ್ಲಿಯೂ ಇವೆ. ಷಿಕಾರಿಯ ಹುಚ್ಚು ಯಾವ ಒಂದು ಜಾತಿ ಮತದ ಸೊತ್ತಲ್ಲ. ಆದರೆ ಕೊಂದ ಪ್ರಾಣಿಯ ಮಾಂಸಕ್ಕೆ ಅಲ್ಲಾಹನ ನಾಮವನ್ನು ಮುದ್ರೆಯಾಗಿ ಒತ್ತಿ ಹಂಚುವವರು ನಮ್ಮವರು ಮಾತ್ರ. ಆದುದರಿಂದ ಈ ಪ್ರಶ್ನೆಯನ್ನು ನಾವೇ ಎತ್ತಬೇಕಾಗಿದೆ.

ಅವರ ವಾದ ಸರಳವಾಗಿದೆ. ಬಿಸ್ಮಿಲ್ಲಾಹ್ ಹೇಳಿ ಈಡು ಹಾರಿಸಿದೆವು, ಜಿಂಕೆ ಬಿತ್ತು, ಮಾಂಸ ಹಲಾಲ್. ಇದರ ಜೊತೆಗೆ ಒಂದು ಬಡಾಯಿಯೂ ಇರುತ್ತದೆ: ನೂರು ಗಜ ದೂರದಿಂದ ಉರುಳಿಸಿದೆ, ನೂರೈವತ್ತು ಗಜದಿಂದ ಉರುಳಿಸಿದೆ ಎಂದು. ಈ ವಾದಕ್ಕೂ ಈ ಬಡಾಯಿಗೂ ಶರೀಅತ್ತಿನಲ್ಲಿ ನೆಲೆಯಿಲ್ಲ. ಕೋವಿಯ ವಿದ್ಯೆಯಲ್ಲಿಯೂ ನೆಲೆಯಿಲ್ಲ.

ಬೇಟೆಯ ಬಗ್ಗೆ ಪ್ರವಾದಿ(ಸ)ರವರನ್ನು ಬಿಡಿಬಿಡಿಯಾಗಿ ಪ್ರಶ್ನಿಸಿದವರು ಅದೀ ಬಿನ್ ಹಾತಿಮ್(ರ). ದಾನಶೂರತೆಗೆ ಅರಬರಲ್ಲಿ ಮನೆಮಾತಾಗಿದ್ದ ಹಾತಿಮ್ ತಾಈಯ ಮಗ, ಸ್ವತಃ ಬೇಟೆಗಾರ. ತರಬೇತಾದ ನಾಯಿ ಹಿಡಿದು ತಂದದ್ದು, ಬಾಣದಿಂದ ಬಿದ್ದದ್ದು, ಮಿಅ್‌ರಾದ್ ಎಂಬ ಎಸೆಯುವ ಕೋಲಿನಿಂದ ಸತ್ತದ್ದು, ಹೀಗೆ ಒಂದೊಂದನ್ನೂ ಅವರು ಕೇಳಿದರು. ಕೋಲಿನ ಬಗ್ಗೆ ದೊರೆತ ಉತ್ತರವು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅದರ ಸಾರ ಇಷ್ಟು: ಮೊನಚು ತಾಗಿ ಒಳಹೊಕ್ಕರೆ ತಿನ್ನಬಹುದು, ಅಡ್ಡವಾಗಿ ಬಡಿದು ಸತ್ತರೆ ಅದು ಪೆಟ್ಟಿನಿಂದ ಸತ್ತ ಪ್ರಾಣಿ, ತಿನ್ನಬಾರದು. ಸೂರಃ ಅಲ್ ಮಾಇದಃದ ಮೂರನೆಯ ವಚನದಲ್ಲಿ ನಿಷಿದ್ಧಗಳ ಪಟ್ಟಿಯಲ್ಲಿ ಬರುವ ‘ಮೌಖೂದಃ’ ಇದೇ. ಅದೇ ವಚನವು ಒಂದು ವಿನಾಯಿತಿಯನ್ನೂ ಕೊಡುತ್ತದೆ: ಜೀವವಿರುವಾಗಲೇ ನೀವು ಝಬಹ್ ಮಾಡಿದ್ದರೆ ಅದು ನಿಷಿದ್ಧವಲ್ಲ.

ಈಗ ಕೇಪಿನ ಕೋವಿಯ ಗುಂಡನ್ನು ಕೈಯಲ್ಲಿ ಹಿಡಿದು ನೋಡಿರಿ. ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದ ಉಂಡೆ. ಅದಕ್ಕೆ ಅಲಗಿಲ್ಲ, ಮೊನೆಯಿಲ್ಲ. ‘ಬಂದೂಕು’ ಎಂಬ ನಮ್ಮ ಮಾತಿನ ಮೂಲವೇ ‘ಬುಂದುಕ್’ ಎಂಬ ಅರಬಿ ಶಬ್ದ. ಉಂಡೆ, ಗೋಲಿ ಎಂದು ಅದರ ಅರ್ಥ. ಕೋವಿ ಬರುವುದಕ್ಕೂ ಮೊದಲು ಮಣ್ಣಿನ ಉಂಡೆಯನ್ನು ಬಿಲ್ಲಿನಿಂದ ಹೊಡೆಯುತ್ತಿದ್ದ ಕಾಲದಲ್ಲಿಯೇ ಶಾಫಿಈ ಕರ್ಮಶಾಸ್ತ್ರದ ಇಮಾಮ್ ನವವಿಯವರು ‘ಮಿನ್‌ಹಾಜ್’ನಲ್ಲಿ ಇಂತಹ ಉಂಡೆಯ ಭಾರದಿಂದ ಸತ್ತ ಪ್ರಾಣಿ ಹರಾಮ್ ಎಂದು ಬರೆದರು. ಹನಫೀ ವಿದ್ವಾಂಸರಾದ ಇಬ್ನ್ ನುಜೈಮ್ ಸೀಸದ ಗುಂಡಿನ ಬಗ್ಗೆಯೇ ಫತ್ವಾ ನೀಡಿದರು. 1836ರಲ್ಲಿ ತೀರಿಕೊಂಡ ದಮಸ್ಕಸ್ಸಿನ ಇಬ್ನ್ ಆಬಿದೀನ್ ಅದನ್ನು ಎತ್ತಿಹಿಡಿಯುತ್ತಾ, ಸೀಸದ ಗುಂಡು ಸುಟ್ಟು, ಭಾರದಿಂದ ಜಜ್ಜಿ ಗಾಯ ಮಾಡುತ್ತದೆಯೇ ಹೊರತು ಅದಕ್ಕೆ ಅಲಗಿಲ್ಲವೆಂದು ಕಾರಣ ಕೊಟ್ಟರು. ಅದೇ ಕಾಲದ ಯಮನಿನ ಶೌಕಾನಿಯವರು ಗುಂಡು ಚರ್ಮವನ್ನು ಸೀಳಿ ಒಳಹೋಗುವುದರಿಂದ ಹಲಾಲ್ ಎಂದರು. ಮಾಲಿಕೀಗಳಲ್ಲಿಯೂ ಆ ಅಭಿಪ್ರಾಯವಿದೆ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ನಮಾಝಿನಿಂದ ನಿಕಾಹಿನವರೆಗೆ ಹನಫೀ, ಶಾಫಿಈ ಎಂದು ಅಂಗುಲ ಅಂಗುಲಕ್ಕೂ ವಾದಿಸುವವರು ಜಿಂಕೆಯ ತೊಡೆ ಕಂಡಾಗ ಮಾತ್ರ ಯಮನಿಗೆ ಓಡುವುದೇಕೆ ಎಂದು ಕೇಳುವ ಹಕ್ಕು ನಮಗಿದೆ.

ಆದುದರಿಂದ ಈ ಭಾಗದ ಬಹುಪಾಲು ಮುಸ್ಲಿಮರು ಅನುಸರಿಸುವ ಎರಡೂ ಮದ್‌ಹಬ್‌ಗಳ ಪ್ರಕಾರ, ಕೇಪಿನ ಕೋವಿಯಿಂದ ಬಿದ್ದ ಜಿಂಕೆಯ ಬಳಿಗೆ ಅದರ ಜೀವವಿರುವಾಗಲೇ ತಲುಪಿ ಝಬಹ್ ಮಾಡಿದರೆ ಮಾತ್ರ ಮಾಂಸದ ಪ್ರಶ್ನೆ ಏಳುತ್ತದೆ. ದೂರದ ಲೆಕ್ಕ ಬರುವುದು ಇಲ್ಲಿಯೇ.

ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ, ಪಕ್ಕದಿಂದ ನೋಡಿದರೆ, ಹೆಚ್ಚೆಂದರೆ ಒಂದು ಗೇಣು. ಗುಂಡು ಆ ಗೇಣಿನೊಳಗೆ ಬಿದ್ದರೆ ಪ್ರಾಣಿ ಕ್ಷಣಗಳಲ್ಲಿ ಬೀಳುತ್ತದೆ. ಅದರಾಚೆ ಬಿದ್ದರೆ ಹೊಟ್ಟೆ ಹರಿಯುತ್ತದೆ, ದವಡೆ ಮುರಿಯುತ್ತದೆ, ಕಾಲು ತುಂಡಾಗುತ್ತದೆ, ಪ್ರಾಣಿ ಓಡುತ್ತದೆ. ನಮ್ಮ ನಾಡಕೋವಿಗಳ ನಳಿಗೆಯ ಒಳಮೈ ನುಣುಪು. ಗುಂಡನ್ನು ತಿರುಗಿಸಿ ನೇರ ದಾರಿಗೆ ಹಚ್ಚುವ ಸುರುಳಿಗೆರೆ ಅದರಲ್ಲಿಲ್ಲ. ನಳಿಗೆಗಿಂತ ಸ್ವಲ್ಪ ಸಣ್ಣದಾದ ಉಂಡೆ ಒಳಗೆ ಅತ್ತಿತ್ತ ತಾಗುತ್ತಾ ಹೊರಟು, ಕೊನೆಗೆ ಯಾವ ಕಡೆ ತಾಗಿತೋ ಅದಕ್ಕೆ ತಕ್ಕಂತೆ ವಾಲುತ್ತದೆ. ದುಂಡಗಿರುವುದರಿಂದ ಗಾಳಿಯು ಅದನ್ನು ಬೇಗನೆ ತಡೆಯುತ್ತದೆ. ನೂರು ಗಜ ಸಾಗುವಷ್ಟರಲ್ಲಿ ಹೊರಟಾಗ ಇದ್ದ ಶಕ್ತಿಯ ಅರ್ಧವೂ ಅದರಲ್ಲಿ ಉಳಿದಿರುವುದಿಲ್ಲ. ಮದ್ದನ್ನು ಪ್ರತಿ ಸಲವೂ ಒಂದೇ ಅಳತೆಯಲ್ಲಿ ಹಾಕಿದ್ದಾರೆಯೇ, ಗಜದಿಂದ ಒಂದೇ ಬಿಗಿಯಲ್ಲಿ ಜಡಿದಿದ್ದಾರೆಯೇ, ಮಳೆಗಾಲದ ತೇವ ಅದಕ್ಕೆ ತಾಗಿದೆಯೇ ಎಂಬುದರ ಮೇಲೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಮೊದಲ ಈಡು ತಪ್ಪಿದರೆ ಎರಡನೆಯದಿಲ್ಲ. ಹೊಗೆ ಕಣ್ಣು ಕಟ್ಟುತ್ತದೆ, ಮತ್ತೆ ತುಂಬುವಷ್ಟರಲ್ಲಿ ಗಾಯಗೊಂಡ ಪ್ರಾಣಿ ಹಳ್ಳ ದಾಟಿರುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ನುಣುಪು ನಳಿಗೆಯ ಕೋವಿಗಳಿಂದಲೇ ಯುದ್ಧ ಮಾಡುತ್ತಿದ್ದ ಕಾಲದ ಬ್ರಿಟಿಷ್ ಸೇನಾಧಿಕಾರಿ ಜಾರ್ಜ್ ಹ್ಯಾಂಗರ್ 1814ರಲ್ಲಿಯೇ ಇದನ್ನು ಬರೆದಿದ್ದಾನೆ. ಸಾಮಾನ್ಯ ಸೈನಿಕನ ಕೋವಿ ಎಂಬತ್ತು ಗಜದಲ್ಲಿ, ಬಹುಶಃ ನೂರು ಗಜದಲ್ಲಿ ಮನುಷ್ಯನ ಆಕೃತಿಗೆ ತಗುಲೀತು. ನೂರೈವತ್ತು ಗಜದಲ್ಲಿ ಗುರಿಯಿಟ್ಟು ಹೊಡೆದ ಗುಂಡಿನಿಂದ ಗಾಯಗೊಂಡವನು ದುರದೃಷ್ಟವಂತನೇ ಸರಿ ಎಂಬುದು ಅವನ ಅಭಿಪ್ರಾಯದ ಸಾರ. ಅವನು ಹೇಳಿದ್ದು ಆಳೆತ್ತರದ ಮನುಷ್ಯನ ಬಗ್ಗೆ, ಒಂದು ಗೇಣಿನ ಗುರಿಯ ಬಗ್ಗೆಯಲ್ಲ. ಇಂತಹ ಕೋವಿಯಿಂದ ಜಿಂಕೆ ಬೇಟೆಯಾಡಲು ಕಾನೂನಿನ ಅವಕಾಶವಿರುವ ಅಮೆರಿಕದಲ್ಲಿ ಅನುಭವಸ್ಥರು ನುಣುಪು ನಳಿಗೆಗೆ ಹಾಕಿಕೊಳ್ಳುವ ಮಿತಿ ಸುಮಾರು ಐವತ್ತು ಗಜ, ಅಂದರೆ ಇಪ್ಪತ್ತೈದು ಮಾರು. ಸುರುಳಿಗೆರೆಯ ನಳಿಗೆಯಿದ್ದವರೂ ದುಂಡು ಗುಂಡಿನಲ್ಲಿ ನೂರು ಗಜ ಮೀರುವುದಿಲ್ಲ. ಅದೂ ಹಗಲಿನಲ್ಲಿ, ನಿಂತ ಪ್ರಾಣಿಗೆ, ಹಲಗೆಗೆ ಹೊಡೆದು ಐದಕ್ಕೆ ಐದೂ ಗುಂಡು ಆ ಗೇಣಿನೊಳಗೆ ಬಿದ್ದ ಮೇಲೆ. ನಮ್ಮ ಷಿಕಾರಿಗಳಲ್ಲಿ ಹಲಗೆಗೆ ಹೊಡೆದು ತಮ್ಮ ಮಿತಿ ಅಳೆದುಕೊಂಡವರು ಎಷ್ಟು ಮಂದಿ?

ಗುಂಡಿನ ಬದಲು ಚರೆ ತುಂಬುವವರ ಕಥೆ ಇನ್ನೂ ಕೆಟ್ಟದ್ದು. ಹತ್ತಾರು ಕಾಳುಗಳು ಚದುರಿ, ಒಂದೂ ಆಳಕ್ಕಿಳಿಯದೆ, ಪ್ರಾಣಿ ಮೈತುಂಬ ಸೀಸ ಹೊತ್ತು ದಿನಗಟ್ಟಲೆ ನರಳುತ್ತದೆ. ಇನ್ನು ರಾತ್ರಿ ತಲೆಗೆ ಬ್ಯಾಟರಿ ಕಟ್ಟಿಕೊಂಡು ಹೋಗುವವರಿಗೆ ಕಾಣುವುದು ಎರಡು ಹೊಳೆಯುವ ಕಣ್ಣುಗಳು ಮಾತ್ರ. ದೂರದ ಅಂದಾಜು ಆಗ ಸಿಕ್ಕುವುದಿಲ್ಲ. ಅದು ಬಸುರಿಯೋ, ಮರಿಗೆ ಹಾಲೂಡುತ್ತಿರುವ ತಾಯಿಯೋ ತಿಳಿಯುವುದಿಲ್ಲ. ಕೆಲವೊಮ್ಮೆ ಅದು ಜಿಂಕೆಯೇ ಅಲ್ಲ, ಪೊದೆಯಾಚೆ ಕುಳಿತ ಜೊತೆಗಾರ. ಮಲೆನಾಡಿನಲ್ಲಿ ಪತ್ರಿಕೆ ಓದುವವರಿಗೆ ಈ ಸುದ್ದಿ ಹೊಸದಲ್ಲ. ಹಕ್ಕಿಯ ಮರಿಗಳನ್ನು ಎತ್ತಿಕೊಂಡು ಬಂದ ಸಹಾಬಿಗಳಿಗೆ, ತಾಯಿಯನ್ನು ಸಂಕಟಪಡಿಸಿದವರು ಯಾರೆಂದು ಪ್ರಶ್ನಿಸಿ ಮರಿಗಳನ್ನು ಹಿಂದಿರುಗಿಸುವಂತೆ ಪ್ರವಾದಿ(ಸ)ರವರು ಆಜ್ಞಾಪಿಸಿದ ಘಟನೆಯನ್ನು ನಾವು ಮಕ್ಕಳಿಗೆ ಮದ್ರಸಾದಲ್ಲಿ ಕಲಿಸುತ್ತೇವೆ.

ದೂರದ ಗುರಿಯ ಬಡಾಯಿಗೆ ನೇರವಾದ ಉತ್ತರ ಮತ್ತೊಂದು ಹದೀಸಿನಲ್ಲಿದೆ. ಬೆರಳುಗಳ ನಡುವೆ ಹರಳಿಟ್ಟು ಚಿಮ್ಮಿಸುತ್ತಿದ್ದ ಒಬ್ಬನನ್ನು ಅಬ್ದುಲ್ಲಾಹ್ ಬಿನ್ ಮುಗಫ್ಫಲ್(ರ) ತಡೆದರು. ಪ್ರವಾದಿ(ಸ)ರವರು ಇದನ್ನು ವಿರೋಧಿಸಿದ್ದಾರೆ. ಇದರಿಂದ ಬೇಟೆಯೂ ಸಿಗದು, ಶತ್ರುವೂ ಸೋಲನು, ಹಲ್ಲು ಮುರಿದೀತು, ಕಣ್ಣು ಹೋದೀತು ಅಷ್ಟೇ ಎಂದು ತಿಳಿಸಿದರು. ಆತ ಮತ್ತೆ ಅದನ್ನೇ ಮಾಡುವುದನ್ನು ಕಂಡಾಗ ಅವನೊಂದಿಗೆ ಮಾತನ್ನೇ ಬಿಟ್ಟರು. ನಿಷೇಧದ ಕಾರಣವನ್ನು ಗಮನಿಸಿರಿ: ಆಯುಧ ತನ್ನ ಕೆಲಸ ಮಾಡಲಾರದು, ಆದರೆ ಅಂಗಹೀನಗೊಳಿಸಬಲ್ಲದು. ನೂರೈವತ್ತು ಗಜದಾಚೆಗೆ ಹಾರಿಸಿದ ಕೇಪಿನ ಕೋವಿ ಇದಕ್ಕಿಂತ ಭಿನ್ನವೇ? ಕೊಲ್ಲುವಾಗಲೂ ಉತ್ತಮ ರೀತಿಯಲ್ಲಿ ಕೊಲ್ಲಬೇಕು, ಅಲಗನ್ನು ಹರಿತಗೊಳಿಸಬೇಕು, ಪ್ರಾಣಿಗೆ ನೆಮ್ಮದಿ ಕೊಡಬೇಕು ಎಂಬ ಶದ್ದಾದ್ ಬಿನ್ ಔಸ್(ರ)ರವರ ವರದಿಯನ್ನು ಬಕ್ರೀದಿನ ಖುತುಬಾದಲ್ಲಿ ಪ್ರತಿ ವರ್ಷ ಕೇಳುತ್ತೇವೆ. ಆ ಇಹ್ಸಾನ್ ಕುರ್ಬಾನಿಯ ಕುರಿಗೆ ಮಾತ್ರವೇ, ಕಾಡಿನ ಜಿಂಕೆಗೆ ಇಲ್ಲವೇ?

ಗಾಯಗೊಂಡು ಓಡಿದ ಪ್ರಾಣಿಯ ಬಗ್ಗೆಯೂ ಕರ್ಮಶಾಸ್ತ್ರ ಮೌನವಾಗಿಲ್ಲ. ನೀರಿನಲ್ಲಿ ಬಿದ್ದು ಸತ್ತಿದ್ದರೆ ತಿನ್ನಬಾರದು. ಗುಡ್ಡದಿಂದ ಉರುಳಿ ಸತ್ತಿದ್ದರೂ ಇದೇ ವಿಧಿ. ಹುಡುಕುವುದನ್ನು ಬಿಟ್ಟು ಕುಳಿತು, ಆಮೇಲೆ ಸತ್ತದ್ದು ಸಿಕ್ಕರೆ ಹನಫೀಗಳಲ್ಲಿ ಅದೂ ಹಲಾಲಲ್ಲ. ರಾತ್ರಿ ಹೊಡೆದು, ಮನೆಗೆ ಬಂದು ಮಲಗಿ, ಬೆಳಗ್ಗೆ ರಕ್ತದ ಜಾಡು ಹಿಡಿದು ಹೋಗಿ ಸೆಟೆದ ಹೆಣದ ಕೊರಳಿಗೆ ಚಾಕು ಆಡಿಸುವುದು ಝಬಹ್ ಅಲ್ಲ, ನಾಟಕ.

ಅಂದರೆ ಕೇಪಿನ ಕೋವಿ ಹಿಡಿದವನ ಸ್ಥಿತಿ ಇದು: ಹತ್ತಿರದಿಂದ ಸರಿಯಾಗಿ ಹೊಡೆದರೆ ಗುಂಡೇ ಕೊಲ್ಲುತ್ತದೆ, ಅವನು ಚಾಕು ಹಿಡಿದು ತಲುಪುವಷ್ಟರಲ್ಲಿ ಜೀವವಿರುವುದಿಲ್ಲ, ಅವನದೇ ಮದ್‌ಹಬ್ ಪ್ರಕಾರ ಮಾಂಸ ಸಲ್ಲದು. ದೂರದಿಂದ ಹೊಡೆದರೆ ಜೀವವಿರುತ್ತದೆ, ಪ್ರಾಣಿ ಕೈಗೆ ಸಿಗುವುದಿಲ್ಲ, ಹಿಂಸೆಯ ಪಾಪ ಉಳಿಯುತ್ತದೆ. ಇವೆರಡರ ನಡುವೆ ಉಳಿಯುವ ದಾರಿ ಕೂದಲೆಳೆಯಷ್ಟು ಕಿರಿದು. ಹೊಯ್ಸಳರ ಲಾಂಛನವಾಗಿ ಬೇಲೂರು, ಹಳೇಬೀಡುಗಳಲ್ಲಿ ನಿಂತಿರುವ ಸಳನಾದರೂ ಮೃಗಕ್ಕೆ ಎದೆಗೊಟ್ಟು, ಕೈಯಳತೆಯಲ್ಲಿ ಹೋರಾಡುತ್ತಾನೆ. ಮರಸಿನ ಮೇಲೆ ಕುಳಿತು ಕತ್ತಲಿಗೆ ಈಡು ಹಾರಿಸುವುದಕ್ಕೆ ಶೌರ್ಯವೆಂದು ಹೆಸರಿಡುವವರು ಆ ಕಲ್ಲನ್ನು ಒಮ್ಮೆ ನೋಡಿ ಬರಲಿ.

ಇಷ್ಟನ್ನೂ ಹೇಳಿದ ಮೇಲೆ, ಹಾಗಾದರೆ ಇಪ್ಪತ್ತು ಮಾರಿನೊಳಗೆ ಹೊಡೆಯುತ್ತೇವೆ, ಓಡಿಹೋಗಿ ಕೊಯ್ಯುತ್ತೇವೆ ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ: ಹತ್ತು ಹೆಜ್ಜೆಯಿಂದ ಹೊಡೆದರೂ ನಿಮಗೆ ಅದು ಸಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗ ಎಲ್ಲದರ ಬೇಟೆಯನ್ನೂ ನಿಷೇಧಿಸಿದೆ. ಮೊದಲ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಸೆರೆವಾಸ. ಇದು ನಿನ್ನೆ ಮೊನ್ನೆ ಬಂದ ಚಿಂತನೆಯೂ ಅಲ್ಲ. ಬೇಟೆಯ ಪ್ರಾಣಿಗಳ ರಕ್ಷಣೆಗೆ ಮೈಸೂರು ಸಂಸ್ಥಾನ 1901ರಲ್ಲಿಯೇ ಕಾನೂನು ಮಾಡಿತ್ತು. ಅರಸೀಕೆರೆಗೆ ಹೊಂದಿಕೊಂಡ ಕಡೂರು ತಾಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಕೃಷ್ಣಮೃಗಗಳಿಗಾಗಿಯೇ ಮೀಸಲಿಡಲಾಗಿದೆ.

ಇದು ಸರಕಾರದ ಕಾನೂನು, ಅಲ್ಲಾಹನದಲ್ಲ ಎಂಬ ಮಾತು ನಮಗೆ ಹೊಸದಲ್ಲ. ಹಾಗೆನ್ನುವವರು ಅಲ್ ಮಾಇದಃದ ಮೊದಲ ವಚನವನ್ನು ತೆರೆಯಲಿ. ಕರಾರುಗಳನ್ನು ಪೂರ್ತಿಗೊಳಿಸಿರಿ ಎಂಬ ಆಜ್ಞೆಯೂ, ಇಹ್ರಾಮ್‌ನಲ್ಲಿರುವಾಗ ಬೇಟೆ ಸಲ್ಲದೆಂಬ ನಿಯಮವೂ ಒಂದೇ ವಚನದಲ್ಲಿವೆ. ಬೇಟೆಯು ಎಲ್ಲ ಕಾಲಕ್ಕೂ ಎಲ್ಲ ಸ್ಥಳಕ್ಕೂ ಬಿಟ್ಟುಕೊಟ್ಟ ಹಕ್ಕಲ್ಲವೆಂದು ಕುರ್‌ಆನೇ ತೋರಿಸುತ್ತದೆ. ಅದೇ ಅಧ್ಯಾಯದ 94ನೆಯ ವಚನವಂತೂ ಕೈಗೂ ಈಟಿಗೂ ಎಟುಕುವಷ್ಟು ಹತ್ತಿರ ಬಂದ ಬೇಟೆಯಿಂದಲೇ ವಿಶ್ವಾಸಿಗಳನ್ನು ಪರೀಕ್ಷಿಸಲಾಗುವುದೆಂದು ತಿಳಿಸುತ್ತದೆ. ಬೆಳೆ ರಕ್ಷಣೆಗೆಂದು ಸಹಿ ಹಾಕಿ ಪಡೆದ ಕೋವಿಯ ಪರವಾನಗಿ ಒಂದು ಕರಾರಲ್ಲವೇ? ಚುನಾವಣೆ ಬಂದಾಗ ಅದೇ ಕೋವಿಯನ್ನು ಮರುಮಾತಿಲ್ಲದೆ ಠಾಣೆಗೆ ಒಪ್ಪಿಸುವವರಿಗೆ ಕಾನೂನಿನ ಬಂಧ ಎಂದರೇನೆಂದು ಚೆನ್ನಾಗಿಯೇ ಗೊತ್ತಿದೆ. ಇನ್ನೂ ಒಂದು ಮಾತು: ಕಾಯಿದೆಯ 39ನೆಯ ಕಲಮಿನ ಪ್ರಕಾರ ಹೀಗೆ ಕೊಂದ ಪ್ರಾಣಿ ಸರಕಾರದ ಸೊತ್ತು. ಅಂದರೆ ಅದು ಸಾರ್ವಜನಿಕರದ್ದು. ಅದನ್ನು ಪಾಲು ಹಾಕಿ ನೆರೆಮನೆಗೆ ಕಳುಹಿಸುವುದು ಔದಾರ್ಯವಲ್ಲ, ಪರರ ಸೊತ್ತಿನ ಹಂಚಿಕೆ.

ಕೊಡಗಿನವರಿಗೆ ಪರವಾನಗಿಯೇ ಬೇಡವಲ್ಲ ಎಂದು ಉದಾಹರಣೆ ಕೊಡುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಜಿಂಕೆ ಹೊಡೆಯುವುದಕ್ಕಲ್ಲ. ಮತ್ತು ಅದು ಹಾಸನ ಜಿಲ್ಲೆಗೆ ಅನ್ವಯಿಸುವುದೂ ಇಲ್ಲ.

ಬೆಳೆ ಹಾನಿಯ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆನೆ ಬಂದು ಹೋದ ತೋಟ, ರಾತ್ರೋರಾತ್ರಿ ಮೇದುಹೋದ ರಾಗಿಯ ಹೊಲ ಈ ಮೂರೂ ಕಡೆಯ ರೈತರಿಗೆ ಪರಿಚಿತ. ಸಾಲ ತಂದು ಬಿತ್ತಿದವನ ಕೋಪ ನ್ಯಾಯವಾದದ್ದೇ. ಆದರೆ ಆ ಕೋಪಕ್ಕೆ ದಾರಿಯಿದೆ. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಹಾನಿಗೆ ಅರ್ಜಿ ಹಾಕಬಹುದು. ಪ್ರಾಣಿಯು ಬೆಳೆಗೆ ಅಪಾಯವಾಗಿದ್ದರೆ ಕಾಯಿದೆಯ 11ನೆಯ ಕಲಮಿನಡಿ ಅಧಿಕಾರಿಯ ಲಿಖಿತ ಅನುಮತಿ ಕೇಳಬಹುದು. ಅರ್ಜಿ ಬರೆಯಲು ಬಾರದವರಿಗೆ ಜುಮುಆದ ನಂತರ ಮಸೀದಿಯ ಅಂಗಳದಲ್ಲಿ ಕುಳಿತು ಬರೆದುಕೊಡುವ ಕೆಲಸವನ್ನು ನಮ್ಮ ಜಮಾಅತ್ ಸಮಿತಿಗಳು ವಹಿಸಿಕೊಳ್ಳಬೇಕು. ಮದುವೆಯ ಮನೆಗಾಗಲಿ ನೆರೆಯವರಿಂದಾಗಲಿ ‘ಕಾಡಿನ ಮಾಂಸ’ ಬಂದರೆ, ಎಷ್ಟು ದೂರದಿಂದ ಹೊಡೆದದ್ದು, ಜೀವವಿರುವಾಗ ಕೊಯ್ದವರು ಯಾರು, ಅನುಮತಿ ಪತ್ರ ಎಲ್ಲಿ ಎಂದು ಕೇಳಿರಿ. ಉತ್ತರ ಬಾರದಿದ್ದರೆ ಪಾತ್ರೆಯನ್ನು ಮುಚ್ಚಳ ತೆರೆಯದೆಯೇ ಹಿಂದಿರುಗಿಸಿರಿ.