ಊರ ಚುನಾವಣೆ, ದೂರದ ನಾವು

2024ರ ಏಪ್ರಿಲ್ ತಿಂಗಳು. ರಂಜಾನ್ ಹಬ್ಬದ ರಜೆ ಆಗಷ್ಟೇ ಮುಗಿದಿತ್ತು. ಕೆಲಸದ ನಿಮಿತ್ತ ನಮ್ಮ ಸಂಸಾರ ದುಬೈ ಬಿಟ್ಟು ಅಬುಧಾಬಿಯ ಖಾಲಿದಿಯಾಕ್ಕೆ ಬರಬೇಕಾಗಿತ್ತು. ಅಷ್ಟರಲ್ಲಿ ಏಪ್ರಿಲ್ 16ರಂದು ಮಳೆ ಬಂತು. 1949ರಲ್ಲಿ ಈ ನಾಡಿನ ಮಳೆಯ ಲೆಕ್ಕ ಇಡಲು ತೊಡಗಿದ ಮೇಲೆ ಅಂಥ ಮಳೆ ಬಂದದ್ದೇ ಇಲ್ಲವಂತೆ. ಅಲ್ ಐನ್ ಕಡೆಯ ಖತಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್ ಸುರಿಯಿತು. ರಸ್ತೆಯ ನೀರು ಇಳಿಯುವವರೆಗೆ ಸಾಮಾನು ಸಾಗಿಸುವ ಲಾರಿ ಬರುವಂತಿರಲಿಲ್ಲ. ಕೊನೆಗೆ ನಾವು ಸಾಮಾನು ಕಟ್ಟಲು ಕುಳಿತದ್ದು ಏಪ್ರಿಲ್ 26ರ ಶುಕ್ರವಾರ. ಅದೇ ದಿನ ಊರಿನಲ್ಲಿ, ಅಂದರೆ ನಮ್ಮ ಉಡುಪಿ-ಚಿಕ್ಕಮಗಳೂರು ಸೇರಿದಂತೆ ಕರ್ನಾಟಕದ 14 ಕ್ಷೇತ್ರಗಳಲ್ಲಿ, ಲೋಕಸಭೆಗೆ ಮತದಾನ ನಡೆಯುತ್ತಿತ್ತು.

ಅಡಿಗೆಮನೆಯ ಕಪಾಟಿನಲ್ಲಿ ಅತ್ತೆ ಕಳುಹಿಸಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿ ಇತ್ತು. ಹಿಂದಿನ ವರ್ಷ ರಜೆಯಲ್ಲಿ ಊರಿಗೆ ಹೋದಾಗ ತಂದದ್ದು. ರಸ ಸೋರದಂತೆ ಅದಕ್ಕೆ ಕನ್ನಡ ಪತ್ರಿಕೆಯನ್ನು ಎರಡು ಸುತ್ತು ಸುತ್ತಿದ್ದರು. ಏಳನೆಯ ತರಗತಿಯ ನನ್ನ ಮಗಳು ಅದನ್ನು ಬಿಡಿಸಿ, ಸುಕ್ಕು ನೇರ ಮಾಡಿ, ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದಳು. 2023ರ ಮೇ 14ರ ಪತ್ರಿಕೆ ಅದು. ವಿಧಾನಸಭಾ ಚುನಾವಣೆಯ ಫಲಿತಾಂಶದ ಮರುದಿನದ್ದು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಎಂದು ದೊಡ್ಡ ಅಂಕಿಗಳು. ಹಿಂಬದಿಯಲ್ಲಿ ಆ ರಾತ್ರಿ ಯಾವ ಮೇಳದ ಆಟ ಎಲ್ಲಿ ಎಂಬ ಯಕ್ಷಗಾನದ ಪಟ್ಟಿ.

“ಅಮ್ಮಾ, ಇದರಲ್ಲಿ ನಮ್ಮ ಊರಿನ ಎಂಎಲ್‌ಎ ಯಾರು?” ಎಂದು ಕೇಳಿದಳು.

ನನಗೆ ಹೇಳಲಾಗಲಿಲ್ಲ. ದೆಹಲಿಯ ಮಂತ್ರಿಗಳ ಹೆಸರು ಗೊತ್ತು, ಟಿವಿ ಚರ್ಚೆಗಳಲ್ಲಿ ಕೂಗಾಡುವ ಪಕ್ಷದ ವಕ್ತಾರರ ಹೆಸರು ಕೂಡ ಬಾಯಿಪಾಠ. ಆದರೆ ನಮ್ಮ ಮನೆಯ ಮುಂದಿನ ಕಿರುಸೇತುವೆಗಾಗಿ ಯಾರ ಬಳಿ ಅರ್ಜಿ ಕೊಡಬೇಕೋ ಅವರ ಹೆಸರು ಗೊತ್ತಿಲ್ಲ. ಚುನಾವಣೆ ಬಂದಾಗಲೆಲ್ಲ ತಿಂಗಳುಗಟ್ಟಲೆ ಸುದ್ದಿ ನೋಡುತ್ತೇನೆ, ಮಕ್ಕಳಿಗೆ ಪಾಠ ಹೇಳುತ್ತೇನೆ. ಆದರೂ ಉತ್ತರ ಬರಲಿಲ್ಲ. ಅಂದು ನಾಚಿಕೆಯಾಯಿತು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಊರು ಬಿಟ್ಟು ಊರು ಸೇರುವವರಿಗೆ ಚುನಾವಣೆ ಎಂದರೆ ಕ್ರಿಕೆಟ್ ಪಂದ್ಯದ ಹಾಗೆ ಆಗಿಬಿಟ್ಟಿದೆ. ನಾವು ಅಂಕಿ ನೋಡುತ್ತೇವೆ, ಗೆದ್ದರೆ ಕುಣಿಯುತ್ತೇವೆ, ಸೋತರೆ ಸಿಟ್ಟಾಗುತ್ತೇವೆ. ಊರಿನ ಕುಡಿಯುವ ನೀರು, ಕನ್ನಡ ಶಾಲೆ, ಬಸ್ಸು ಇವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವು ದೊಡ್ಡ ಸುದ್ದಿಯಲ್ಲ. ದೂರದಿಂದ ಕೇಳುವವನಿಗೆ ಜೋರಾದ ದನಿ ಮಾತ್ರ ಕೇಳಿಸುತ್ತದೆ.

ಆ ಜೋರು ದನಿಯನ್ನು ಎಷ್ಟು ನಂಬಬೇಕು ಎಂಬುದಕ್ಕೆ ಅದೇ ವರ್ಷ ಒಂದು ಪಾಠ ಸಿಕ್ಕಿತು. ಜೂನ್ 1ರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಆಡಳಿತ ಮೈತ್ರಿಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನ ಎಂದು ಹಲವು ಚಾನೆಲ್‌ಗಳು ಹೇಳಿದವು. ಜೂನ್ 4ರ ಮಂಗಳವಾರ ಭಾರತದಲ್ಲಿ ಎಂಟು ಗಂಟೆಗೆ ಎಣಿಕೆ ಶುರುವಾದಾಗ ಇಲ್ಲಿ ಆರೂವರೆ, ಶಾಲೆಯ ಬಸ್ಸಿನ ಹೊತ್ತು. ಸಂಜೆ ಮನೆಗೆ ಬರುವ ವೇಳೆಗೆ ಆ ಸಂಖ್ಯೆ 293ರ ಆಸುಪಾಸಿನಲ್ಲಿ ನಿಂತಿತ್ತು. ಕರ್ನಾಟಕದ 28ರಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2. ಇದು ಯಾರಿಗೆ ಸಂತೋಷ, ಯಾರಿಗೆ ಬೇಸರ ಎಂಬುದು ನನ್ನ ವಿಷಯವಲ್ಲ. ಮೂರು ದಿನ ಅಷ್ಟು ಧೈರ್ಯವಾಗಿ ಹೇಳಿದ ಮಾತು ಅಷ್ಟು ದೂರ ತಪ್ಪಬಹುದು ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರಲ್ಲ, ಅದು ಮುಖ್ಯ.

ನಾನೂ ಒಂದು ತಪ್ಪು ಮಾಡಿದೆ. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಭೆಯ ಚಿತ್ರ ಹಾಕಿ, ನೋಡಿ ಎಷ್ಟು ಜನ ಎಂದು ಬರೆದೆ. ನನ್ನ ಚಿಕ್ಕಪ್ಪ ಬೇರೆ ಪಕ್ಷದ ಅಭಿಮಾನಿ. ಅವರು ಉತ್ತರ ಕೊಟ್ಟರು, ನಾನು ಇನ್ನೊಂದು ಮಾತು ಸೇರಿಸಿದೆ, ಮಾತಿಗೆ ಮಾತು ಬೆಳೆದು ಅವರು ಗುಂಪನ್ನೇ ಬಿಟ್ಟರು. ಎರಡು ದಿನದ ಬಳಿಕ ತಿಳಿಯಿತು, ಆ ಚಿತ್ರ ಬೇರೆ ರಾಜ್ಯದ್ದು, ಹಲವು ವರ್ಷ ಹಳೆಯದು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆಯನ್ನು ಪ್ರತಿ ವರ್ಷ ತರಗತಿಯಲ್ಲಿ ವಿಸ್ತರಿಸಿ ಬರೆಸುವವಳು ನಾನೇ! ಸುಳ್ಳು ಸುದ್ದಿ ಹರಡುವುದು ಈ ದೇಶದಲ್ಲಿ ಅಪರಾಧ ಕೂಡ. 2021ರ 34ನೆಯ ಸಂಖ್ಯೆಯ ಕಾನೂನಿನ ಪ್ರಕಾರ ಅದಕ್ಕೆ ಕನಿಷ್ಠ ಒಂದು ವರ್ಷ ಸೆರೆ ಮತ್ತು ಒಂದು ಲಕ್ಷ ದಿರ್ಹಮ್ ದಂಡ ಎಂಬುದನ್ನು ಪೋಷಕರು ನೆನಪಿಡಬೇಕು. ಆದರೆ ನನಗೆ ಹೆಚ್ಚು ನೋವಾದದ್ದು ಚಿಕ್ಕಪ್ಪನ ಫೋನು ಬಾರದೆ ಇದ್ದುದಕ್ಕೆ. ನನ್ನ ಕೈ ಹಿಡಿದು ಅ ಆ ಇ ಈ ತಿದ್ದಿಸಿದವರು ಅವರು.

ಬಾಲ್ಯದಲ್ಲಿ ಅದೇ ಚಿಕ್ಕಪ್ಪ ನನ್ನನ್ನು ತಾಳಮದ್ದಳೆಗೆ ಕರೆದೊಯ್ಯುತ್ತಿದ್ದರು. ಕರಾವಳಿಯ ಮಕ್ಕಳಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತೇ ವಾದಿಸುತ್ತಾರೆ. ಕೃಷ್ಣ ಸಂಧಾನದ ಪ್ರಸಂಗವಾದರೆ ಕೌರವನ ಪಾತ್ರ ವಹಿಸಿದವನಿಗೂ ತನ್ನ ವಾದ ಪೂರ್ತಿ ಮಂಡಿಸುವ ಅವಕಾಶ ಉಂಟು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯ ಅರ್ಥಧಾರಿಗಳು ವಾಲಿಯಾಗಿ ರಾಮನನ್ನೇ ಪ್ರಶ್ನಿಸಿದರೂ ಭಕ್ತರು ಎದ್ದು ಹೋಗುತ್ತಿರಲಿಲ್ಲ, ಕಿವಿಗೊಟ್ಟು ಕೇಳುತ್ತಿದ್ದರು. ಬೆಳಗಾದ ಮೇಲೆ ಕೃಷ್ಣ, ಕೌರವ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಇಂದಿನ ಟಿವಿ ಚರ್ಚೆಗಳಲ್ಲಿ ಎಂಟು ಮಂದಿ ಒಟ್ಟಿಗೆ ಮಾತಾಡುತ್ತಾರೆ, ಯಾರ ಮಾತೂ ಮುಗಿಯುವುದಿಲ್ಲ. ವಾದ ಹೇಗೆ ಮಾಡಬೇಕೆಂದು ಮಕ್ಕಳು ಕಲಿಯಬೇಕಾದರೆ ಯಾವುದನ್ನು ತೋರಿಸಬೇಕು ಎಂಬುದನ್ನು ನೀವೇ ಹೇಳಿ.

“ಟೀಚರ್, ನಾವು ಇಲ್ಲಿಗೆ ಬಂದದ್ದು ದುಡಿಯಲು, ಮಕ್ಕಳಿಗೆ ರಾಜಕೀಯ ಯಾಕೆ?” ಎಂದು ಕೆಲವು ಪೋಷಕರು ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಥವಿದೆ. ಇದು ನಮಗೆ ಅನ್ನ ಕೊಡುವ ನಾಡು, ಇಲ್ಲಿನ ನಿಯಮ, ಮರ್ಯಾದೆಗಳನ್ನು ಪಾಲಿಸಲೇಬೇಕು. ಊರಿನ ಪಕ್ಷದ ಜಗಳ ಇಲ್ಲಿನ ಬೀದಿಗೆ ಬರಬಾರದು, ಶಾಲೆಗಂತೂ ಬರಲೇಬಾರದು. ಆದರೆ ತಿಳಿದುಕೊಳ್ಳುವುದು ಬೇರೆ, ಜಗಳವಾಡುವುದು ಬೇರೆ. ಇರುವ ನಾಡಿನ ಬಗ್ಗೆಯೂ ನಮ್ಮ ಮಕ್ಕಳಿಗೆ ತಿಳಿದಿರಲಿ. ಇಲ್ಲಿನ ಫೆಡರಲ್ ನ್ಯಾಷನಲ್ ಕೌನ್ಸಿಲ್‌ನಲ್ಲಿ 40 ಸದಸ್ಯರಿದ್ದಾರೆ, 2006ರಿಂದ ಅವರಲ್ಲಿ ಅರ್ಧದಷ್ಟು ಮಂದಿ ಚುನಾಯಿತರಾಗಿ ಬರುತ್ತಾರೆ, 2019ರಿಂದ ಅರ್ಧ ಸ್ಥಾನ ಮಹಿಳೆಯರಿಗಿದೆ. ಇದನ್ನು ಹೇಳಬಲ್ಲ ನಮ್ಮ ಮಕ್ಕಳು ಎಷ್ಟು ಮಂದಿ?

ಖಾಲಿದಿಯಾದ ಹೊಸ ಮನೆಯಲ್ಲಿ ನಮಗೆ ಸಿಕ್ಕ ನೆರೆಯವರು ಕಾಸರಗೋಡಿನ ಮಂಜೇಶ್ವರದ ಕಡೆಯವರು, ಮನೆಯಲ್ಲಿ ಕನ್ನಡ ಮಾತಾಡುವವರು. ಕೇರಳದಲ್ಲಿಯೂ ಮತದಾನ ಏಪ್ರಿಲ್ 26ರಂದೇ ಇತ್ತು. ಮಳೆಯಿಂದ ವಿಮಾನಗಳು ಅಸ್ತವ್ಯಸ್ತವಾಗಿದ್ದರೂ ಆ ಅಣ್ಣ ರಜೆ ಹಾಕಿ ಹೋಗಿ ಮತ ಹಾಕಿ ಬಂದಿದ್ದರು. ಬೀಗದ ಕೈ ಕೊಡಲು ಬಂದಾಗ ಅವರ ಎಡಗೈ ತೋರುಬೆರಳಿನ ಕಪ್ಪು ಗೆರೆಯನ್ನು ನನ್ನ ಮಗಳು ಬಿಟ್ಟಕಣ್ಣಿನಿಂದ ನೋಡಿದಳು. ಆ ಶಾಯಿ ನಮ್ಮ ಮೈಸೂರಿನದು ಎಂದು ನಾನು ಹೇಳಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇಡೀ ದೇಶಕ್ಕೆ ಅದನ್ನು ಒದಗಿಸುತ್ತಿದೆ. “ನಿಮ್ಮ ಬೆರಳಿಗೆ ಯಾವಾಗ ಹಾಕಿದ್ದರು?” ಎಂದು ಕೇಳಿದಳು. 2009ರಲ್ಲಿ ಒಮ್ಮೆ. ಅದೇ ಮೊದಲು, ಅದೇ ಕೊನೆ.

ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. 2011ರಿಂದ ಈ ಸೌಲಭ್ಯವಿದೆ. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಹೋಗಬೇಕು. ಬದಲಿ ವ್ಯಕ್ತಿಯ ಮೂಲಕ ಮತ ಹಾಕಿಸುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಒಪ್ಪಿತ್ತು, ಮುಂದೆ ಅದು ಬಿದ್ದುಹೋಯಿತು. 2024ರಲ್ಲಿ ಸುಮಾರು 1.19 ಲಕ್ಷ ಅನಿವಾಸಿಗಳ ಹೆಸರು ಪಟ್ಟಿಯಲ್ಲಿತ್ತು, ಮತ ಹಾಕಿದವರು 2,958 ಮಂದಿ ಮಾತ್ರ. ಅವರಲ್ಲಿ 2,670 ಮಂದಿ ಕೇರಳದವರು. ವಿಮಾನದ ಟಿಕೆಟ್ಟು, ರಜೆ ಎಲ್ಲರಿಗೂ ಕಷ್ಟವೇ. ಮತಯಂತ್ರವನ್ನು ಬೆಂಗಳೂರಿನ ಬಿಇಎಲ್ ಮಾಡುತ್ತದೆ, ಶಾಯಿಯನ್ನು ಮೈಸೂರು ಮಾಡುತ್ತದೆ. ಮತ ಹಾಕಲು ಊರಿಗೆ ಹೋಗುವುದರಲ್ಲಿ ಮಾತ್ರ ನಾವು ಹಿಂದೆ. ದೂರದಲ್ಲಿರುವವರು ಮತ ಹಾಕುವ ಸುಲಭ ದಾರಿ ಬೇಕು ಎಂದು ಕೇಳುವ ಹಕ್ಕು ನಮಗಿದೆ. ಆದರೆ ಪಟ್ಟಿಯಲ್ಲಿ ಹೆಸರನ್ನೇ ಸೇರಿಸದವರು ಯಾವ ಮುಖದಿಂದ ಕೇಳುವುದು?

ಪ್ರಿಯ ವಿದ್ಯಾರ್ಥಿಗಳೇ, ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕು. ಆ ಹೊತ್ತಿಗೆ ನಿಮ್ಮಲ್ಲಿ ಕೆಲವರಿಗೆ 18 ತುಂಬಿರುತ್ತದೆ. ಈಗಿನಿಂದಲೇ ವಾರಕ್ಕೊಮ್ಮೆ ನಿಮ್ಮ ಊರಿನ ಒಂದು ಸುದ್ದಿಯನ್ನು ಮಾತೃಭಾಷೆಯಲ್ಲಿ ಓದಿ. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ ಹೋಲಿಸಿ. ಅಜ್ಜ ಅಜ್ಜಿಗೆ ಫೋನು ಮಾಡಿದಾಗ ಊಟ ಆಯಿತಾ ಎಂದು ಕೇಳಿದ ಮೇಲೆ ಊರಿನ ರಸ್ತೆ, ನೀರು ಹೇಗಿದೆ ಎಂದೂ ಕೇಳಿ. ಓದಲು ಕನ್ನಡ ಬಾರದಿದ್ದರೆ ಊರಿನ ವಿಷಯವನ್ನು ಇನ್ನೊಬ್ಬರ ಬಾಯಿಂದಲೇ ಕೇಳಬೇಕಾಗುತ್ತದೆ, ಅವರು ಹೇಳಿದ್ದನ್ನೇ ನಂಬಬೇಕಾಗುತ್ತದೆ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳ ಎದುರು ಪಕ್ಷದ ಹೆಸರಿನಲ್ಲಿ ನೆಂಟರನ್ನು ಹಳಿಯಬೇಡಿ. ಅವರು ಸುದ್ದಿ ಮರೆತಾರು, ಆ ಮಾತನ್ನು ಮರೆಯಲಾರರು.

ಹೊಸ ಮನೆಯಲ್ಲಿ ಸಾಮಾನು ಬಿಚ್ಚಿದ ಮೇಲೆ ನಾನೂ ಮಗಳೂ ಕುಳಿತು ನಮ್ಮ ಶಾಸಕರ ಹೆಸರು ಹುಡುಕಿದೆವು. ಅವಳು ಅದನ್ನು ಸಮಾಜವಿಜ್ಞಾನದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ನಾನು ನಮೂನೆ 6ಎ ತುಂಬಿದೆ. ಆಮೇಲೆ ಚಿಕ್ಕಪ್ಪನಿಗೆ ಫೋನು ಮಾಡಿ, ಆ ಚಿತ್ರ ಸುಳ್ಳು, ತಪ್ಪು ನನ್ನದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಿರಲಿ ಮಗಾ, ಹೊಸ ಮನೆಯಲ್ಲಿ ಗಾಳಿ ಬೆಳಕು ಉಂಟಾ?” ಎಂದು ಕೇಳಿದರು.